ಗೋಮುಖದಿಂದ ದೇವಪ್ರಯಾಗಕ್ಕೆ: ಹಿಮನದಿಯ ಪಾಠಕ್ಕೆ ಭಾಗೀರಥಿಯ ಕಣಿವೆ

ಪ್ರೌಢಶಾಲೆಯ ಭೂಗೋಳದಲ್ಲಿ ಹಿಮನದಿಯ ಪಾಠಕ್ಕೆ ದೊರೆಯುವುದು ಒಂದು ಅವಧಿ, ಹೆಚ್ಚೆಂದರೆ ಎರಡು. ಆ ಅಲ್ಪ ಕಾಲದಲ್ಲಿ 'ಯು' ಆಕಾರದ ಕಣಿವೆ, ಮೊರೇನ್, ತೂಗುಕಣಿವೆ ಮುಂತಾದ ಪದಗಳು ವ್ಯಾಖ್ಯೆಗಳಾಗಿ ಬಂದು ಹೋಗುತ್ತವೆ. ಕಾಸರಗೋಡಿನ ಮಗುವೂ ಅಕ್ಕಲಕೋಟೆಯ ಮಗುವೂ ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತವೆ. 'ಮೊರೇನ್ ಎಂದರೆ ಏನು?' ಎಂಬ ಪ್ರಶ್ನೆಗೆ ಎರಡು ಅಂಕ ದೊರೆಯುತ್ತದೆ. 'ಆ ದಿಣ್ಣೆಯ ಮೇಲೆ ನಿಂತರೆ ಕಾಲ ಕೆಳಗೆ ಏನಿರುತ್ತದೆ?' ಎಂದು ಕೇಳಿದರೆ ತರಗತಿಯು ಮೌನವಾಗುತ್ತದೆ. ಎಲ್ಲ ಹಿಮನದಿಗಳ ಸಾಮಾನ್ಯ ಲಕ್ಷಣಗಳನ್ನು ಹೇಳುವುದಕ್ಕಿಂತ ಒಂದೇ ನದಿಯನ್ನು ಹುಟ್ಟಿನಿಂದ ಸಂಗಮದವರೆಗೆ ಹಿಂಬಾಲಿಸುವುದು ಮೇಲು ಎಂಬುದು ಈ ಪಾಠದ ನಿಲುವು. ಅದಕ್ಕಾಗಿ ಉತ್ತರಾಖಂಡದ ಭಾಗೀರಥಿಯನ್ನು ಆರಿಸಿಕೊಳ್ಳಲಾಗಿದೆ. ಅದರ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ದಾರಿಯ ಊರುಗಳ ಹೆಸರುಗಳಲ್ಲಿ ಬಹುಪಾಲು ಸಂಸ್ಕೃತಮೂಲದವು, ಆದುದರಿಂದ ಕನ್ನಡದ ಕಿವಿಗೆ ಅರ್ಥವಾಗುವಂಥವು.

ಪದದಿಂದ ಆರಂಭ

ನಮ್ಮ ಗಡಿನಾಡಿನ ಶಾಲೆಗಳಿಗೆ ಒಂದು ವಿಶೇಷ ಅನುಕೂಲವಿದೆ. ಅದನ್ನು ತೊಂದರೆಯೆಂದು ಭಾವಿಸಿ ನಾವು ಬಳಸದೆ ಬಿಡುತ್ತೇವೆ. ಕನ್ನಡದಲ್ಲಿ ನಾವು 'ಹಿಮನದಿ' ಎನ್ನುತ್ತೇವೆ, ಮರಾಠಿಯಲ್ಲಿಯೂ ಅದೇ ಪದ. ಮಲಯಾಳದಲ್ಲಿ 'ಹಿಮಾನಿ', ತೆಲುಗಿನಲ್ಲಿ 'ಹಿಮಾನೀನದ', ತಮಿಳಿನಲ್ಲಿ 'ಪನಿಯಾರು'. ತಾಳವಾಡಿಯ ಅಥವಾ ಹೊಸೂರಿನ ಮಗು ಬೀದಿಯಲ್ಲಿ ಕೇಳುವ ತಮಿಳಿನ 'ಪನಿ' ನಮ್ಮ ಹಳಗನ್ನಡದ 'ಪನಿ'ಯ ನೆಂಟ. ಪಕಾರವು ಹಕಾರವಾಗಿ ಅದು ಇಂದಿನ 'ಹನಿ'ಯಾಯಿತು. ಈ ಮಾತನ್ನು ಐದು ನಿಮಿಷ ಹೇಳಿದರೆ ಭೂಗೋಳದ ಪಾಠದಲ್ಲಿ ಭಾಷೆಯ ಪಾಠವೂ ನಡೆಯುತ್ತದೆ. ಮುಂದೆ ರಾಜ್ಯಭಾಷೆಯ ಪುಸ್ತಕವನ್ನು ಹಿಡಿಯಬೇಕಾದ ಮಗುವಿಗೆ ಸೇತುವೆಯೊಂದು ಸಿಗುತ್ತದೆ.

ಆದರೆ 'ಹಿಮನದಿ' ಎಂಬ ಪದವೇ ಒಂದು ತಪ್ಪು ಕಲ್ಪನೆಯನ್ನೂ ಹುಟ್ಟಿಸುತ್ತದೆ. ಹರಿಯುತ್ತಿದ್ದ ನದಿಯೊಂದು ಚಳಿಗೆ ಹೆಪ್ಪುಗಟ್ಟಿ ನಿಂತಿದೆ ಎಂದು ಮಕ್ಕಳು ತಿಳಿಯುತ್ತಾರೆ. ಇದನ್ನು ಮೊದಲೇ ತಿದ್ದಬೇಕು. ಹಿಮನದಿಯು ನದಿ ಗಡ್ಡೆಕಟ್ಟಿದುದರಿಂದ ಆದುದಲ್ಲ. ಎತ್ತರದ ಶಿಖರಗಳ ನಡುವಣ ತಗ್ಗುಗಳಲ್ಲಿ ವರ್ಷವರ್ಷವೂ ಬಿದ್ದ ಹಿಮವು ಬೇಸಗೆಯಲ್ಲಿ ಪೂರ್ತಿ ಕರಗದೆ, ಪದರದ ಮೇಲೆ ಪದರವಾಗಿ, ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ರಾಶಿಯು ಸಾಕಷ್ಟು ದಪ್ಪವಾದಾಗ ಇಳಿಜಾರಿನತ್ತ ಮೆಲ್ಲನೆ ಸರಿಯತೊಡಗುತ್ತದೆ. ಹಾಗೆ ಸರಿಯುವ ಮಂಜುಗಡ್ಡೆಯೇ ಹಿಮನದಿ.

ಹಿಮ, ಮಂಜು, ಇಬ್ಬನಿ, ಮಂಜುಗಡ್ಡೆ ಈ ನಾಲ್ಕನ್ನೂ ಇದೇ ಹಂತದಲ್ಲಿ ಬೇರ್ಪಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ಮಂಜು ಎಂದರೆ ಬೆಳಗಿನ ಹೊತ್ತು ದಾರಿ ಕಾಣದಂತೆ ಕವಿಯುವಂಥದು. ನೀಲಗಿರಿಯ ಮಕ್ಕಳು ಚಳಿಗಾಲದ ಮುಂಜಾನೆ ಹುಲ್ಲಿನ ಮೇಲೆ ಬೆಳ್ಳಗೆ ಹರಡಿದುದನ್ನು ಕಂಡಿರುತ್ತಾರೆ. ಅದು ನೆಲದ ಮೇಲೆಯೇ ಹೆಪ್ಪುಗಟ್ಟಿದ ತೇವ, ಆಕಾಶದಿಂದ ಬಿದ್ದ ಹಿಮವಲ್ಲ. ಆದರೂ ನಮ್ಮೆಲ್ಲರ ಪೈಕಿ ಪಾಠಕ್ಕೆ ಅತಿ ಹತ್ತಿರದ ಅನುಭವವುಳ್ಳವರು ಅವರೇ. ಅವರಿಂದಲೇ ಹೇಳಿಸಿರಿ.

ಗಟ್ಟಿ ಪದಾರ್ಥವು ಹರಿಯುವುದು ಹೇಗೆ?

ಮಕ್ಕಳ ನಿಜವಾದ ಸಂದೇಹ ಇದೇ. ಇದಕ್ಕೆ ಮಾತಿನ ಉತ್ತರ ಸಾಲದು. ಸ್ವಲ್ಪ ಜೋನಿಬೆಲ್ಲವನ್ನು (ಸೊಲ್ಲಾಪುರದ ಕಡೆ ಕಾಕಂಬಿ ಅಥವಾ ಕಾಕವಿ) ಓರೆಯಾಗಿ ಇಟ್ಟ ಹಲಗೆಯ ಮೇಲಿನ ಕಾಲುವೆಯಂಥ ದಾರಿಯಲ್ಲಿ ಸುರಿಯಿರಿ. ಅದರ ಮೇಲೆ ಅಡ್ಡಲಾಗಿ ಒಂದು ಸಾಲು ರಾಗಿಯನ್ನು ಉದುರಿಸಿರಿ. ಕೆಲವು ನಿಮಿಷಗಳಲ್ಲಿ ಆ ನೇರ ಸಾಲು ಬಿಲ್ಲಿನಂತೆ ಬಾಗುತ್ತದೆ. ನಡುವಿನ ಕಾಳುಗಳು ಮುಂದೆ, ಅಂಚಿನವು ಹಿಂದೆ. ಮಂಜುಗಡ್ಡೆಯೂ ಹೀಗೆಯೇ. ಅಂಚು ಮತ್ತು ತಳಗಳಲ್ಲಿ ಬಂಡೆಯ ತಡೆಯಿರುವುದರಿಂದ ಅಲ್ಲಿ ನಿಧಾನ, ನಡುವೆ ವೇಗ. ಗಂಗೋತ್ರಿ ಹಿಮನದಿಯ ವೇಗವನ್ನು ವರ್ಷಕ್ಕೆ ಕೆಲವು ಹತ್ತು ಮೀಟರುಗಳಲ್ಲಿ ಅಳೆಯಬೇಕು. ಶಾಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಒಂದು ವರ್ಷ ಎಂದರೆ ಆ ವೇಗದ ಅಂದಾಜು ಮಕ್ಕಳಿಗೆ ಸಿಗುತ್ತದೆ.

ಈ ಹಿಮನದಿಯು 7,138 ಮೀಟರ್ ಎತ್ತರದ ಚೌಖಂಬಾ ಶಿಖರದ ಬುಡದಿಂದ ಹೊರಟು ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ಸಾಗುತ್ತದೆ. ದಾರಿಯಲ್ಲಿ ರಕ್ತವರ್ಣ, ಚತುರಂಗಿ, ಕೀರ್ತಿ ಎಂಬ ಉಪ ಹಿಮನದಿಗಳ ಕಣಿವೆಗಳು ಬಂದು ಕೂಡುತ್ತವೆ. ಕೆಂಬಣ್ಣದ ಕಲ್ಲುರಾಶಿ ಹೊತ್ತದ್ದು ರಕ್ತವರ್ಣ, ಹಲವು ಬಣ್ಣದ ಕಲ್ಲುಗಳ ಪಟ್ಟೆ ಹೊತ್ತದ್ದು ಚತುರಂಗಿ. ಹೆಸರನ್ನು ಬಿಡಿಸಿ ಅರ್ಥ ಹೇಳಲು ಮಕ್ಕಳಿಗೇ ಬಿಡಬಹುದು. ಹಿಂದೆ ಮುಖ್ಯ ಹಿಮನದಿಗೆ ಸೇರಿಕೊಂಡಿದ್ದ ಚತುರಂಗಿಯು ಈಗ ಹಿಂದೆ ಸರಿದು ಅದರಿಂದ ಕಳಚಿಕೊಂಡಿದೆ ಎಂಬುದನ್ನೂ ಇಲ್ಲಿಯೇ ಹೇಳಿರಿ, ಮುಂದೆ ಬೇಕಾಗುತ್ತದೆ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಹಿಮನದಿಯು ಹಾಲಿನಂತೆ ಬಿಳುಪು. ಗಂಗೋತ್ರಿ ಹಿಮನದಿಯ ಕೆಳಭಾಗವನ್ನು ನೋಡಿದವರಿಗೆ ಅದು ಕಲ್ಲುಗಣಿಯ ಹಾಗೆ ಕಾಣುತ್ತದೆ. ಎರಡೂ ಬದಿಯ ಗೋಡೆಗಳಿಂದ ಉದುರಿದ ಬಂಡೆ, ಜಲ್ಲಿ, ಧೂಳು ಮಂಜುಗಡ್ಡೆಯನ್ನು ಮುಚ್ಚಿವೆ. ಈ ಹೊದಿಕೆ ತೆಳುವಾಗಿದ್ದಲ್ಲಿ ಕಪ್ಪು ಧೂಳು ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ, ದಪ್ಪವಾಗಿದ್ದಲ್ಲಿ ಅದೇ ಕಲ್ಲು ಕಂಬಳಿಯಾಗಿ ಕಾಯುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ, ದಿಣ್ಣೆಯ ಮೇಲೆ ನಿಂತವನ ಕಾಲ ಕೆಳಗೆ ಏನಿದೆ ಎಂಬುದಕ್ಕೆ, ಮಕ್ಕಳು ಈಗ ಎರಡು ಉತ್ತರ ಹೇಳಬಲ್ಲರು: ಬರೀ ಕಲ್ಲುಮಣ್ಣು, ಇಲ್ಲವೆ ಕಲ್ಲಿನ ಕೆಳಗೆ ಇನ್ನೂ ಜೀವಂತವಾಗಿರುವ ಮಂಜುಗಡ್ಡೆ.

ಗೋಮುಖವೆಂಬ ಚಲಿಸುವ ಊರು

ಹಿಮನದಿಯ ಕೆಳತುದಿಯಲ್ಲಿ, ಸುಮಾರು 3,900 ಮೀಟರ್ ಎತ್ತರದಲ್ಲಿ, ಮಂಜುಗಡ್ಡೆಯ ಗೋಡೆಯೊಳಗಿನ ಗವಿಯಿಂದ ಭಾಗೀರಥಿ ಹೊರಬೀಳುತ್ತಾಳೆ. ಆ ಗವಿಯೇ ಗೋಮುಖ. ನಕಾಶೆಯಲ್ಲಿ ಅದಕ್ಕೊಂದು ಚುಕ್ಕೆ ಇರುವುದರಿಂದ ಅದು ಸ್ಥಿರವಾದ ಸ್ಥಳವೆಂದು ನಾವು ನಂಬುತ್ತೇವೆ. ಅದು ಮಂಜುಗಡ್ಡೆಯ ಮೂತಿಯ ಹೆಸರು, ಮೂತಿ ಸರಿದಂತೆ ಗೋಮುಖವೂ ಸರಿಯುತ್ತದೆ. 1935ರಿಂದ ಅದನ್ನು ಅಳೆಯುತ್ತ ಬರಲಾಗಿದೆ. ಹಿಂದೆ ಸರಿದ ಪ್ರಮಾಣವು ದಶಕದಿಂದ ದಶಕಕ್ಕೆ ಹೆಚ್ಚುಕಡಿಮೆಯಾದರೂ, ಆ ದೀರ್ಘ ಕಾಲದ ಸರಾಸರಿಯು ವರ್ಷಕ್ಕೆ 20 ಮೀಟರಿನ ಆಸುಪಾಸಿನಲ್ಲಿದೆ.

ಇಲ್ಲಿ ಎರಡನೆಯ ತಪ್ಪು ಕಲ್ಪನೆ. 'ಹಿಮನದಿಯು ಹಿಂದೆ ಸರಿಯುತ್ತಿದೆ' ಎಂಬ ವಾಕ್ಯವನ್ನು ಓದಿದ ಮಗು ಮಂಜುಗಡ್ಡೆಯು ಬೆಟ್ಟವನ್ನು ಏರುತ್ತಿದೆ ಎಂದು ಊಹಿಸುತ್ತದೆ. ಪುಸ್ತಕದ ವಾಕ್ಯವೇ ಹಾಗಿರುವಾಗ ಮಗುವನ್ನು ದೂರುವಂತಿಲ್ಲ. ಹುಣಿಸೆಬೀಜಗಳಿಂದ ಇದನ್ನು ತೋರಿಸಬಹುದು. ಇಪ್ಪತ್ತು ಬೀಜಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಒಬ್ಬಳು ಪ್ರತಿ ಚಪ್ಪಾಳೆಗೂ ಹಿಂದಿನಿಂದ ಒಂದು ಬೀಜವನ್ನು ಸೇರಿಸಿ ಇಡೀ ಸಾಲನ್ನು ಮುಂದಕ್ಕೆ ತಳ್ಳಲಿ. ಇನ್ನೊಬ್ಬನು ಅದೇ ಚಪ್ಪಾಳೆಗೆ ಮುಂತುದಿಯಿಂದ ಎರಡು ಬೀಜಗಳನ್ನು ಎತ್ತಿಕೊಳ್ಳಲಿ. ಪ್ರತಿಯೊಂದು ಬೀಜವೂ ಮುಂದಕ್ಕೇ ಚಲಿಸುತ್ತಿದೆ, ಆದರೂ ಸಾಲಿನ ತುದಿ ಹಿಂದೆ ಹಿಂದೆ ಹೋಗುತ್ತದೆ. ಸೇರಿಸುವುದು ಹಿಮಪಾತ, ಎತ್ತುವುದು ಕರಗುವಿಕೆ. ಒಂದು ಸೇರಿಸಿ ಒಂದನ್ನೇ ಎತ್ತಿದರೆ ತುದಿ ನಿಂತಲ್ಲೇ ನಿಲ್ಲುತ್ತದೆ. ಹವಾಮಾನ ಬದಲಾವಣೆಯ ಕುರಿತು ಉದ್ದನೆಯ ಉಪನ್ಯಾಸಕ್ಕಿಂತ ಈ ಆಟ ಹೆಚ್ಚು ಹೇಳುತ್ತದೆಂದು ನನ್ನ ಅನುಭವ.

ಗೋಮುಖದ ಎರಡೂ ಪಕ್ಕಗಳಲ್ಲಿ ಕಲ್ಲುಮಣ್ಣಿನ ಎತ್ತರವಾದ ದಿಣ್ಣೆಗಳು ಕಣಿವೆಯ ಉದ್ದಕ್ಕೂ ಸಾಗುತ್ತವೆ. ಅವು ಪಾರ್ಶ್ವ ಮೊರೇನ್‌ಗಳು. ಮಂಜುಗಡ್ಡೆಯು ಒಂದು ಕಾಲದಲ್ಲಿ ಎಷ್ಟು ದಪ್ಪವಾಗಿತ್ತೆಂಬುದಕ್ಕೆ ಅವು ಗುರುತು. ಕೆರೆಯ ನೀರು ಇಳಿದ ಮೇಲೆ ಕಲ್ಲುಕಟ್ಟಡದ ಮೇಲೆ ಉಳಿಯುವ ಗೆರೆಯಂತೆ ಎನ್ನಬಹುದು. ಶಿವಲಿಂಗ ಶಿಖರದ ಬುಡದ ತಪೋವನವೆಂಬ ಹುಲ್ಲುಗಾವಲು ಇಂಥ ದಿಣ್ಣೆಯ ಮರೆಯಲ್ಲಿಯೇ ಇದೆ.

ಮಳೆಯಿಲ್ಲದೆ ಏರುವ ನೀರು

ಬೇಸಗೆಯ ಒಂದು ದಿನವನ್ನು ಊಹಿಸಲು ಹೇಳಿರಿ. ಆಕಾಶ ಶುಭ್ರ, ಮಳೆಯ ಸುಳಿವಿಲ್ಲ. ಮುಂಜಾನೆ ಗೋಮುಖದ ಕೆಳಗಿನ ಹೊಳೆ ತಗ್ಗಿರುತ್ತದೆ. ಬಿಸಿಲು ಏರಿ ಮಂಜುಗಡ್ಡೆ ಕರಗಿ, ಆ ನೀರು ಹರಿದು ಬರುವಷ್ಟರಲ್ಲಿ ಸಾಯಂಕಾಲವಾಗುತ್ತದೆ, ಆಗ ಹೊಳೆಯು ತುಂಬಿ ಭೋರ್ಗರೆಯುತ್ತದೆ. ರಾತ್ರಿ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ದಾಟಿದ ತೊರೆಯನ್ನು ಸಂಜೆ ದಾಟಲಾಗದು. ಪಯಸ್ವಿನಿಯನ್ನೋ ವೇದಾವತಿಯನ್ನೋ ನೋಡಿ ಬೆಳೆದ ಮಗುವಿಗೆ ನದಿ ಏರುವುದೆಂದರೆ ಮಳೆ. ಬಿಸಿಲಿಗೆ ಏರುವ ನದಿಯೊಂದಿದೆ ಎಂಬ ಸಂಗತಿ ಆ ಮಗುವನ್ನು ನಿಜವಾಗಿ ಬೆರಗುಗೊಳಿಸುತ್ತದೆ.

ನೀರಿನ ಬಣ್ಣವೂ ಹಾಗೆಯೇ. ಬೇಸಗೆಯಲ್ಲಿ ಅದು ಬೂದುಬಿಳುಪು. ಮಂಜುಗಡ್ಡೆಯ ತಳದಲ್ಲಿ ಸಿಕ್ಕಿದ ಕಲ್ಲುಗಳು ಬಂಡೆಯನ್ನು ಅರೆದು ಮಾಡಿದ ಹಿಟ್ಟು ನೀರಿನಲ್ಲಿ ತೇಲುತ್ತಿರುತ್ತದೆ. ಒಂದು ಲೋಟ ನೀರಿಗೆ ಮರಳನ್ನೂ ಇನ್ನೊಂದಕ್ಕೆ ಕರಿಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ಪುಡಿಯನ್ನೂ ಹಾಕಿ ಕಲಕಿರಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಸುಣ್ಣದ ಪುಡಿ ಬಹಳ ಹೊತ್ತು ತೇಲಿ ನೀರನ್ನು ಹಾಲಾಗಿಸುತ್ತದೆ. ಮಂಜುಗಡ್ಡೆ ಅರೆಯುವುದನ್ನು ತೋರಿಸಲು, ಮರಳು ಬೆರೆಸಿ ಗಡ್ಡೆಕಟ್ಟಿಸಿದ ನೀರಿನಿಂದ ಸಾಬೂನಿನ ಬಿಲ್ಲೆಯನ್ನು ಉಜ್ಜಿದರೆ ಗೀರುಗಳು ಮೂಡುತ್ತವೆ. ಶಾಲೆಯಲ್ಲಿ ಶೀತಕವಿಲ್ಲದಿದ್ದರೆ ಕರಾವಳಿಯಲ್ಲಿ ಮೀನಿನ ಅಂಗಡಿಯವರು, ಬಯಲುಸೀಮೆಯಲ್ಲಿ ಐಸ್‌ಕ್ಯಾಂಡಿ ಮಾರುವವರು ಮಂಜುಗಡ್ಡೆ ಕೊಡುತ್ತಾರೆ. ಅದರ ಮೈಗೆ ಮರಳು ಒತ್ತಿ ಉಜ್ಜಿದರೂ ಸಾಕು. ಚಳಿಗಾಲದಲ್ಲಿ ಕರಗುವಿಕೆ ನಿಂತು ಹಿಟ್ಟು ಕಡಿಮೆಯಾದಾಗ ಭಾಗೀರಥಿ ಸಣ್ಣದಾಗಿ, ತಿಳಿಯಾಗಿ, ಹಸಿರು ಬೆರೆತ ನೀಲಿಯಾಗಿ ಹರಿಯುತ್ತಾಳೆ. ಆ ತಿಂಗಳುಗಳಲ್ಲಿ ಗಂಗೋತ್ರಿಯ ದೇವಾಲಯ ಮುಚ್ಚಿದ್ದು, ಉತ್ಸವಮೂರ್ತಿಯು ಹರ್ಸಿಲ್ ಬಳಿಯ ಮುಖಬಾ ಗ್ರಾಮದಲ್ಲಿರುತ್ತದೆ.

'ಉತ್ತರದ ನದಿಗಳು ಹಿಮದಿಂದ, ದಕ್ಷಿಣದ ನದಿಗಳು ಮಳೆಯಿಂದ' ಎಂಬ ಸೂತ್ರವನ್ನು ಈ ಹಂತದಲ್ಲಿ ಸಡಿಲಿಸಬೇಕು. ಭಾಗೀರಥಿಯೂ ಕೆಳಗಿಳಿದಂತೆ ಮುಂಗಾರಿನ ಮಳೆಯನ್ನೇ ಹೆಚ್ಚು ಹೊರುತ್ತಾಳೆ. ಮಳೆಯಿಲ್ಲದ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಹಿಮದ ನೀರಿನ ಬೆಲೆ ತಿಳಿಯುತ್ತದೆ.

ಬಾನಿಯ ಕಣಿವೆ, ನೇಗಿಲ ಸಾಲಿನ ಕಣಿವೆ

'ಯು' ಮತ್ತು 'ವಿ' ಆಕಾರ ಎನ್ನುವಾಗ ನಾವು ಇಂಗ್ಲಿಷ್ ಅಕ್ಷರಗಳ ಸಹಾಯ ಪಡೆಯುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ದನಗಳಿಗೆ ನೀರಿಡುವ ಬಾನಿ ಅಥವಾ ಮರಿಗೆಯನ್ನೂ, ನೇಗಿಲು ಸೀಳಿದ ಸಾಲನ್ನೂ ತೋರಿಸಿದರೆ ಆಕಾರದ ಜೊತೆಗೆ ಕಾರಣವೂ ಹೊಳೆಯುತ್ತದೆ. ನೀರು ತನ್ನ ತಳವನ್ನು ಮಾತ್ರ ಕೊರೆಯುತ್ತದೆ, ಇಕ್ಕೆಲದ ಮಣ್ಣು ಜಾರಿ ನೇಗಿಲ ಸಾಲಿನಂತಾಗುತ್ತದೆ. ಮಂಜುಗಡ್ಡೆಯು ಕಣಿವೆಯ ಅಗಲವನ್ನೆಲ್ಲ ತುಂಬಿ ತಳವನ್ನೂ ಗೋಡೆಗಳನ್ನೂ ಒಟ್ಟಿಗೆ ಉಜ್ಜುತ್ತದೆ, ಆದುದರಿಂದ ಬಾನಿಯಾಗುತ್ತದೆ.

ಭಾಗೀರಥಿಯಲ್ಲಿ ಎರಡನ್ನೂ ಒಂದೇ ದಿನದ ಪ್ರಯಾಣದಲ್ಲಿ ಕಾಣಬಹುದು. ಗೋಮುಖದಿಂದ ಗಂಗೋತ್ರಿಗೆ ಸುಮಾರು 18 ಕಿಲೋಮೀಟರ್ ದಾರಿಯಲ್ಲಿ ಕಣಿವೆಯು ಅಗಲವಾದ ಬಾನಿ. ಗಂಗೋತ್ರಿಯಲ್ಲಿ ನದಿಯು ನುಣುಪಾದ ಬಂಡೆಯನ್ನು ಕೊರೆದು ಗೌರೀಕುಂಡದ ಇಕ್ಕಟ್ಟಿಗೆ ಧುಮುಕುತ್ತದೆ. ಹಳೆಯ ಬಾನಿಯ ತಳದಲ್ಲಿ ಹೊಸ ನೀರು ಹೊಸ ಸಾಲನ್ನು ಕೊರೆಯಲಾರಂಭಿಸಿದ ಬಗೆ ಇದು. ಭೈರೋಂಘಾಟಿಯಲ್ಲಿ ಜಾಡ್ ಗಂಗಾ ಬಂದು ಸೇರುವಲ್ಲಿ ಕಮರಿಯು ಬಹಳ ಆಳವಾಗಿದೆ. ಸೇತುವೆಯಾಗುವ ಮೊದಲು ಯಾತ್ರಿಕರು ಕಮರಿಯ ತಳಕ್ಕೆ ಇಳಿದು ಮತ್ತೆ ಹತ್ತಬೇಕಾಗಿತ್ತು. ಸುಮಾರು 2,600 ಮೀಟರ್ ಎತ್ತರದ ಹರ್ಸಿಲ್‌ನಲ್ಲಿ ಕಣಿವೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನದಿಯು ಬೆಣಚುಕಲ್ಲಿನ ಅಗಲ ಹಾಸಿನ ಮೇಲೆ ಕವಲೊಡೆದು, ಜಡೆಯಂತೆ ಹೆಣೆದುಕೊಂಡು ಹರಿಯುತ್ತದೆ. ಝಾಲಾ ದಾಟಿದೊಡನೆ ಕಣಿವೆ ಇಕ್ಕಟ್ಟಾಗಿ ಇಳಿಜಾರು ಕಡಿದಾಗುತ್ತದೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಗಂಗೋತ್ರಿ ಹಿಮನದಿಯು ಈ ಝಾಲಾದವರೆಗೂ ಚಾಚಿತ್ತೆಂದು ಭೂವಿಜ್ಞಾನಿಗಳು ಮೊರೇನ್‌ಗಳ ಆಧಾರದಿಂದ ಹೇಳುತ್ತಾರೆ. ಕಣಿವೆಯ ರೂಪ ಬದಲಾಗುವ ತಾಣವೂ ಅದೇ ಎಂಬುದನ್ನು ಮಕ್ಕಳೇ ನಕಾಶೆಯಲ್ಲಿ ಗುರುತಿಸಲಿ.

ಇಳಿಜಾರಿನ ಲೆಕ್ಕವನ್ನು ಗಣಿತದ ಅವಧಿಗೆ ಒಪ್ಪಿಸಬಹುದು. ಗೋಮುಖದಿಂದ ಗಂಗೋತ್ರಿಗೆ ಸುಮಾರು 800 ಮೀಟರ್ ಇಳಿತ, 18 ಕಿಲೋಮೀಟರ್ ದೂರ: ಕಿಲೋಮೀಟರಿಗೆ 44 ಮೀಟರ್. ದೇವಪ್ರಯಾಗದ ಎತ್ತರ ಸುಮಾರು 475 ಮೀಟರ್, ನದಿಯ ಒಟ್ಟು ಉದ್ದ ಸುಮಾರು 205 ಕಿಲೋಮೀಟರ್: ಸರಾಸರಿ ಹದಿನಾರು, ಹದಿನೇಳು ಮೀಟರ್. ಸೊಲ್ಲಾಪುರ ಸೀಮೆಯ ಮಕ್ಕಳು ಬಲ್ಲ ಭೀಮಾ ನದಿಯು 860 ಕಿಲೋಮೀಟರ್ ಹರಿದರೂ ಅದರ ಸರಾಸರಿ ಇಳಿತ ಕಿಲೋಮೀಟರಿಗೆ ಒಂದು ಮೀಟರೂ ಇಲ್ಲ.

ಮರಗಳನ್ನು ನೋಡಿ ಎತ್ತರ ಹೇಳುವುದು

ಉತ್ತರಕಾಶಿಯ ಸುತ್ತಮುತ್ತ ಚೀಡ್ ಎಂಬ ಪೈನ್ ಮರಗಳ ಇಳಿಜಾರುಗಳು, ಅದಕ್ಕೂ ಮೇಲೆ ಓಕ್, ಹರ್ಸಿಲ್ ಮತ್ತು ಗಂಗೋತ್ರಿಗಳ ಸುತ್ತ ದೇವದಾರು. 19ನೆಯ ಶತಮಾನದಲ್ಲಿ ಫ್ರೆಡರಿಕ್ ವಿಲ್ಸನ್ ಎಂಬ ಆಂಗ್ಲ ವ್ಯಾಪಾರಿಯು ಟೆಹ್ರಿಯ ರಾಜನಿಂದ ಗುತ್ತಿಗೆ ಪಡೆದು ಇಲ್ಲಿಯ ದೇವದಾರುಗಳನ್ನು ಕಡಿಸಿ, ದಿಮ್ಮಿಗಳನ್ನು ಇದೇ ನದಿಯಲ್ಲಿ ತೇಲಿಬಿಟ್ಟು ಬಯಲಿಗೆ ಸಾಗಿಸಿದನು. ಅವು ರೈಲುಹಳಿಯ ಅಡ್ಡಪಟ್ಟಿಗಳಾದವು. ಹರ್ಸಿಲ್‌ಗೆ ಸೇಬನ್ನು ತಂದವನೂ ಅವನೇ.

ಗಂಗೋತ್ರಿಯಿಂದ ಮೇಲಕ್ಕೆ ಚೀಡ್‌ಬಾಸಾ, ಅನಂತರ ಭೋಜ್‌ಬಾಸಾ. ಮರದ ಹೆಸರಿನ ಊರುಗಳು. ಆದರೆ ಹೆಸರನ್ನು ಪೂರ್ತಿ ನಂಬಬಾರದು. 3,600 ಮೀಟರ್ ಎತ್ತರದ ಚೀಡ್‌ಬಾಸಾದಲ್ಲಿರುವುದು ಕೆಳಗಿನ ಚೀಡ್ ಅಲ್ಲ, ಶೀತವನ್ನು ತಾಳಬಲ್ಲ ನೀಲಿ ಪೈನ್. ಭೋಜ್ ಎಂದರೆ ನಮ್ಮ ಕೋಶಗಳ ಭೂರ್ಜ. ಅದರ ತೊಗಟೆಯು ಕಾಗದದಂತೆ ಪದರಪದರವಾಗಿ ಬಿಡಿಸಿ ಬರುತ್ತದೆ. ದಕ್ಷಿಣದವರಾದ ನಾವು ಓಲೆಗರಿಯ ಮೇಲೆ ಕಂಟದಿಂದ ಕೊರೆದಾಗ ಹಿಮಾಲಯ, ಕಾಶ್ಮೀರಗಳವರು ಭೂರ್ಜಪತ್ರದ ಮೇಲೆ ಮಸಿಯಿಂದ ಬರೆದರು. ಕನ್ನಡ ಭಾಷೆಯ ಶಿಕ್ಷಕರು ಹಸ್ತಪ್ರತಿಗಳ ಪಾಠವನ್ನು ಇದರ ಜೊತೆ ಜೋಡಿಸಿಕೊಳ್ಳಬಹುದು. ಯಾತ್ರಿಕರ ಒಲೆಗೆ ಸೌದೆಯಾಗಿ ಭೋಜ್‌ಬಾಸಾದ ಭೂರ್ಜಗಳು ಬಹಳ ಕ್ಷೀಣಿಸಿದವು. ಈಗ ಈ ಪ್ರದೇಶ 1989ರಲ್ಲಿ ರಚಿತವಾದ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗಿದೆ. ಗೋಮುಖಕ್ಕೆ ದಿನಕ್ಕೆ 150 ಜನರಿಗೆ ಮಾತ್ರ ಅನುಮತಿ. ಭೂರ್ಜದ ಮೇಲೆ ಮರಗಳಿಲ್ಲ. ಹುಲ್ಲು, ಕಲ್ಲು, ಮಂಜುಗಡ್ಡೆ ಅಷ್ಟೇ.

ಧರಾಲಿ

ಹರ್ಸಿಲ್ ಬಳಿಯ ಧರಾಲಿಯಲ್ಲಿ ಖೀರ್ ಗಾಡ್ ಎಂಬ ಕಡಿದಾದ ತೊರೆ ಭಾಗೀರಥಿಯನ್ನು ಸೇರುತ್ತದೆ. 2025ರ ಆಗಸ್ಟ್ 5ರ ಮಧ್ಯಾಹ್ನ ಆ ತೊರೆಯಲ್ಲಿ ಕಲ್ಲುಮಣ್ಣು ಬೆರೆತ ಪ್ರವಾಹ ಇಳಿದು ಊರಿನ ಮನೆ, ವಸತಿಗೃಹಗಳನ್ನು ಕ್ಷಣಗಳಲ್ಲಿ ಹೂತುಹಾಕಿತು. ಜನ ಸತ್ತರು, ಕಾಣೆಯಾದರು. ಇದನ್ನು ಸುದ್ದಿಯಾಗಿ ಅಲ್ಲ, ನೆಲವನ್ನು ಓದುವ ಪಾಠವಾಗಿ ಹೇಳಬೇಕು. ಊರು ಕುಳಿತಿದ್ದುದು ತೊರೆಯು ಹಿಂದೆ ತಂದು ಬೀಸಣಿಗೆಯಂತೆ ಹರಡಿದ ಕಲ್ಲುಮಣ್ಣಿನ ಮೇಲೆ. ಕಡಿದಾದ ಕಣಿವೆಯಲ್ಲಿ ಮನೆ ಕಟ್ಟಲು, ಸೇಬು ಬೆಳೆಯಲು ಸಿಗುವ ಸಮತಟ್ಟು ಅದೊಂದೇ. ಆ ನೆಲ ಸಮತಟ್ಟಾದುದು ತೊರೆ ಮತ್ತೆ ಮತ್ತೆ ಅಲ್ಲಿಗೆ ಬಂದುದರಿಂದಲೇ. ಮೇಲಿನ ಇಳಿಜಾರುಗಳಲ್ಲಿ ಹಿಮನದಿಗಳು ಬಿಟ್ಟುಹೋದ ಸಡಿಲ ಮೊರೇನ್ ರಾಶಿಗಳಿವೆ, ಅವು ಮುಂದೆಯೂ ಇರುತ್ತವೆ. ಧರಾಲಿಯ ಹಳೆಯ ಕಲ್ಪಕೇದಾರ ದೇವಾಲಯವು ಈ ಪ್ರವಾಹಕ್ಕೆ ಮೊದಲೇ ನೆಲಮಟ್ಟಕ್ಕಿಂತ ಕೆಳಗಿತ್ತು. 'ದೇವಾಲಯವನ್ನು ಯಾರೂ ಹಳ್ಳ ತೋಡಿ ಕಟ್ಟುವುದಿಲ್ಲ, ಹಾಗಾದರೆ ಏನಾಗಿರಬೇಕು?' ಎಂಬ ಒಂದೇ ಪ್ರಶ್ನೆ ಸಾಕು.

1978ರ ಆಗಸ್ಟ್‌ನಲ್ಲಿ ಕಣೋಡಿಯಾ ಗಾಡ್ ತೊರೆಯು ತಂದ ರಾಶಿ ಭಾಗೀರಥಿಯನ್ನೇ ಅಡ್ಡಗಟ್ಟಿ, ಆ ಕಟ್ಟೆ ಒಡೆದು ಉತ್ತರಕಾಶಿಯವರೆಗೆ ಹಾನಿಯಾಗಿತ್ತು. ಗೋಮುಖದಿಂದ ಉತ್ತರಕಾಶಿಯವರೆಗಿನ ಕಣಿವೆಯನ್ನು 2012ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಕೇಂದ್ರ ಸರ್ಕಾರ ಘೋಷಿಸಿತು. ಅಲ್ಲಿಯ ಜನರಿಗೆ ರಸ್ತೆ, ವಿದ್ಯುತ್, ಕೆಲಸ ಬೇಡವೇ ಎಂದು ಮಕ್ಕಳು ಕೇಳಿದರೆ ಆ ಪ್ರಶ್ನೆಯನ್ನು ಅದುಮಬೇಡಿ. ಅದು ನ್ಯಾಯವಾದ ಪ್ರಶ್ನೆ, ಚರ್ಚೆಗೆ ಒಂದು ಅವಧಿಯನ್ನು ಪೂರ್ತಿ ಕೊಡಬಹುದು.

ವಯನಾಡಿನ ಶಿಕ್ಷಕರು ಈ ಭಾಗವನ್ನು ಎಚ್ಚರದಿಂದ ನಡೆಸಬೇಕು. 2024ರ ಜುಲೈ 30ರ ಬೆಳಗಿನ ಜಾವದ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಬಂಧುಗಳನ್ನು ಕಳೆದುಕೊಂಡ ಮಕ್ಕಳು ತರಗತಿಯಲ್ಲಿ ಇರಬಹುದು. ಅಲ್ಲಿ ಹಿಮನದಿಯಿಲ್ಲ, ಮಳೆಯಿಂದ ನೆನೆದ ಮಣ್ಣು ಜಾರಿದುದು ಕಾರಣ. ಆದರೂ ಕಡಿದಾದ ತೊರೆಯು ಬಂಡೆಗಳನ್ನು ಹೊತ್ತು ತಗ್ಗಿನ ಊರಿಗೆ ಬರುವ ಬಗೆ ಒಂದೇ. ಹೋಲಿಕೆಯನ್ನು ಮಕ್ಕಳು ತಾವಾಗಿ ಎತ್ತಿದರೆ ಮಾತ್ರ ಮುಂದುವರಿಸಿ. ಚಿತ್ರಗಳನ್ನಾಗಲಿ ದೃಶ್ಯಾವಳಿಗಳನ್ನಾಗಲಿ ತೋರಿಸುವುದು ಬೇಡ.

ಸಂಗಮದವರೆಗೆ

ಉಳಿದ ದಾರಿಯನ್ನು ಬೇಗ ಮುಗಿಸಬಹುದು. ಉತ್ತರಕಾಶಿಯ ಬಳಿ ಅಸಿ ಗಂಗಾ ಸೇರುತ್ತದೆ. ಟೆಹ್ರಿಯಲ್ಲಿ ಖತ್ಲಿಂಗ್ ಹಿಮನದಿಯಿಂದ ಬರುವ ಭಿಲಂಗನಾ ಸೇರುವಲ್ಲಿ 260.5 ಮೀಟರ್ ಎತ್ತರದ ಅಣೆಕಟ್ಟಿದೆ. ಹಳೆಯ ಟೆಹ್ರಿ ಪಟ್ಟಣ ಅದರ ಜಲಾಶಯದಲ್ಲಿ ಮುಳುಗಿದೆ. ನದಿ ಹೊತ್ತು ತಂದ ಕಲ್ಲುಹಿಟ್ಟಿನ ಬಹುಪಾಲು ಈ ನಿಂತ ನೀರಿನಲ್ಲಿ ತಳ ಸೇರುತ್ತದೆ. ಸೀಮೆಸುಣ್ಣದ ಲೋಟವನ್ನು ಮರುದಿನ ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವಪ್ರಯಾಗದಲ್ಲಿ ಅಲಕನಂದೆ ಕೂಡುತ್ತದೆ. ಅನೇಕ ದಿನಗಳಲ್ಲಿ ಎರಡೂ ನೀರಿನ ಬಣ್ಣ ಬೇರೆಬೇರೆಯಾಗಿ ಸ್ವಲ್ಪ ದೂರ ಅಕ್ಕಪಕ್ಕ ಹರಿಯುವುದು ಕಾಣುತ್ತದೆ. ಇಲ್ಲಿಂದ ಮುಂದೆ ಹೆಸರು ಗಂಗೆ. ನೀರಿನ ಪ್ರಮಾಣದಲ್ಲಿ ಅಲಕನಂದೆಯೇ ದೊಡ್ಡದು. ಆದರೂ ಪರಂಪರೆಯು ಗಂಗೆಯ ಮೂಲವೆಂದು ಎಣಿಸುವುದು ಭಾಗೀರಥಿಯನ್ನು. ನದಿಯೊಂದರ ಮೂಲವನ್ನು ನಿರ್ಧರಿಸುವುದು ನೀರೋ, ಉದ್ದವೋ, ಜನರ ನಂಬಿಕೆಯೋ ಎಂಬುದನ್ನು ತರಗತಿಯಲ್ಲಿ ಎರಡು ಗುಂಪುಗಳಾಗಿ ವಾದಿಸಲು ಬಿಡಿ.

ಮೌಲ್ಯಮಾಪನಕ್ಕೆ ವ್ಯಾಖ್ಯೆಗಳನ್ನು ಕೇಳುವ ಬದಲು ಒಂದು ಕಣಿವೆಯ ಗೆರೆಚಿತ್ರವನ್ನು ಕೊಡಿ: ಮೇಲೆ ಮಂಜುಗಡ್ಡೆಯ ಮೂತಿ, ಎರಡು ಬದಿಯ ದಿಣ್ಣೆಗಳು, ಕೆಳಗೆ ತೊರೆ ಸೇರುವಲ್ಲಿ ಬೀಸಣಿಗೆಯಾಕಾರದ ಸಮತಟ್ಟು ನೆಲ, ಅದರ ಪಕ್ಕದಲ್ಲಿ ಎತ್ತರದ ಬಂಡೆಯ ಜಗಲಿ. ಶಾಲೆಯೊಂದನ್ನು ಎಲ್ಲಿ ಕಟ್ಟುವಿರಿ, ಏಕೆ ಎಂದು ಕೇಳಿ. ಉತ್ತರವನ್ನು ಐದು ವಾಕ್ಯಗಳ ಕನ್ನಡದಲ್ಲಿ ಬರೆಯಲಿ. ಊರಿನ ತೊರೆಗೂ ಅದೇ ಗೆರೆಚಿತ್ರವನ್ನು ಬಿಡಿಸಿ ತರುವುದು ಮರುವಾರದ ಮನೆಗೆಲಸವಾಗಲಿ.